ಯುದ್ಧದ ಜೀಪು ಮತ್ತು ನಾನು ಉಜ್ಜಿದ ಅಂಕಿಗಳು



ಜೀಪು ನಿಮಗೆಲ್ಲ ಗೊತ್ತು. ಆದರೆ ಜೀಪು ಒಂದು ಟ್ರಕ್ಕು ಅಂತ ಗೊತ್ತೇನು? ನನಗೂ ಗೊತ್ತಿರಲಿಲ್ಲ. ಬ್ಯಾಸಿಗಿ ಸೂಟಿಯಲ್ಲಿ ಜಮಖಂಡಿಯಲ್ಲಿರುವ ನಮ್ಮ ಮಾಮಾನ ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಗೆ ನಮ್ಮೂರ ಗೌಡರೊಬ್ಬರ ಜೀಪು ರಿಪೇರಿಗೆ ಬಂದಿತ್ತು. ಅದು ಅವರ ತ್ವಾಟದಲ್ಲಿ ಹುಣಸಿಗಿಡದ ಕೆಳಗೆ ಬಹಳ ವರ್ಷ ನಿಂತಿತ್ತು. ಅದರ ಸೀಟಿನೊಳಗೆ ಕೋಳಿ ತತ್ತಿ ಇಡುತ್ತಿದ್ದವು! ಮಾಮಾ ಒಂದು ತಾಸು ಅದರ ಸುತ್ತ ತಿರುಗಿ, ಕೆಳಗೆ ಮಲಗಿ ನೋಡಿ, “ತಮ್ಮಾ, ಇದು ಯುದ್ಧ ನೋಡಿದ ಗಾಡಿ ಐತಿ” ಅಂದರು. ನಾನು ಅಲ್ಲಿ ಕಲಿತದ್ದನ್ನೂ, ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆದಿದ್ದೇನೆ.

ಜೀಪು ಹುಟ್ಟಿದ ಕಥೆ

1940ರಲ್ಲಿ ಎರಡನೇ ಮಹಾಯುದ್ಧ ನಡೆದಿತ್ತು. ಅಮೆರಿಕದ ಸೈನ್ಯಕ್ಕೆ ಒಂದು ಸಣ್ಣ, ಹಗುರ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿ ಬೇಕಾಗಿತ್ತು. 49 ದಿನದಲ್ಲಿ ಮೊದಲ ಗಾಡಿ ತಂದು ತೋರಿಸಬೇಕು ಎಂದು ಷರತ್ತು ಹಾಕಿದರು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಒಪ್ಪಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ಅದರ ನಕಾಶೆ ಬರೆದರು. ಆದರೆ ಬ್ಯಾಂಟಮ್ ಕಂಪನಿಗೆ ಬಹಳ ಗಾಡಿ ಮಾಡುವ ಶಕ್ತಿ ಇರಲಿಲ್ಲ. ಆದ್ದರಿಂದ 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಕೂಡಿ ಆರು ಲಕ್ಷಕ್ಕಿಂತ ಹೆಚ್ಚು ಜೀಪು ಮಾಡಿದವು.

ಸೈನ್ಯದ ಕಾಗದದಲ್ಲಿ ಅದರ ಹೆಸರು ‘ಕಾಲು ಟನ್ ಟ್ರಕ್ಕು’. ಅಮೆರಿಕದ ಒಂದು ಟನ್ ಅಂದರೆ 907 ಕಿಲೋ. ಅದರ ಕಾಲು ಭಾಗ ಸುಮಾರು 227 ಕಿಲೋ. ನಮ್ಮ ಲೆಕ್ಕದಲ್ಲಿ 50 ಕಿಲೋದ ನಾಕೂವರಿ ಚೀಲ.

ಈ ಜೀಪುಗಳು ನಮ್ಮ ದೇಶದ ಗಡಿಗೂ ಬಂದವು. 1944ರಲ್ಲಿ ಇಂಫಾಲ ಮತ್ತು ಕೊಹಿಮಾದಲ್ಲಿ ಜಪಾನಿ ಸೈನ್ಯವನ್ನು ತಡೆದಾಗಲೂ ಜೀಪು ಇದ್ದವು. ನಮ್ಮ ಕೊಡಗಿನ ತಿಮ್ಮಯ್ಯನವರು ಆ ಯುದ್ಧದಲ್ಲೇ ಬರ್ಮಾದ ಅರಾಕಾನ್ ಎಂಬಲ್ಲಿ ಪಡೆ ನಡೆಸಿದರು. ಯುದ್ಧ ಮುಗಿದ ಮೇಲೆ ಉಳಿದ ಗಾಡಿಗಳು ಹರಾಜಿನಲ್ಲಿ ಜನರ ಕೈಗೆ ಬಂದವು. ಗೌಡರ ಅಜ್ಜ ಅಂಥದ್ದೇ ಒಂದನ್ನು ಕೊಂಡಿದ್ದರಂತೆ. ಮುಂದೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ಜೀಪು ಜೋಡಿಸತೊಡಗಿತು. ನಾವು ನೋಡುವ ಹೆಚ್ಚಿನ ಜೀಪು ಅವೇ.

ಗುರುತು ಹಿಡಿಯುವುದು ಹೇಗೆ?

1. ಮುಂದಿನ ಜಾಳಿಗೆಯಲ್ಲಿ ಉದ್ದ ಸೀಳು ಎಣಿಸಬೇಕು. ಯುದ್ಧದ ಜೀಪಿಗೆ 9, ಆಮೇಲೆ ಬಂದ ವಿಲ್ಲೀಸ್ ಜೀಪಿಗೆ 7.
2. ಯುದ್ಧದ ಜೀಪಿನ ಹೆಡ್‌ಲೈಟಿಗೆ ಕೀಲು ಇರುತ್ತದೆ. ಅದನ್ನು ಹಿಂದೆ ತಿರುಗಿಸಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ. ರಾತ್ರಿ ರಿಪೇರಿಗೆ ಬ್ಯಾಟರಿ ಹಿಡಿಯುವ ಆಳು ಬೇಕಿಲ್ಲ!
3. ಹಿಂದೆ ತೆಗೆಯುವ ಬಾಗಿಲು ಇಲ್ಲ. ಸ್ಟೆಪ್ನಿ ಅಲ್ಲೇ ಇರುತ್ತದೆ.
4. ಪೆಟ್ರೋಲ್ ಟಾಕಿ ಡ್ರೈವರ್ ಸೀಟಿನ ಕೆಳಗೆ ಇರುತ್ತದೆ. ಸೀಟು ಎತ್ತಿ ಎಣ್ಣೆ ಹಾಕಬೇಕು.
5. ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಪೈಪಿನಂತೆ ಇದ್ದರೆ ಅದು ವಿಲ್ಲೀಸ್, ಚೌಕ ಇದ್ದರೆ ಫೋರ್ಡ್. ನಮ್ಮದು ದುಂಡು.

ವಿಲ್ಲೀಸ್ ಕಂಪನಿಯವರು ಚಾಸಿ ನಂಬರನ್ನು ಸಣ್ಣ ತಗಡಿನ ಮೇಲೆ ಬರೆದು ರಿಬಿಟ್ ಹೊಡೆಯುತ್ತಿದ್ದರು. ನಮ್ಮ ಜೀಪಿನಲ್ಲಿ ರಿಬಿಟ್ಟಿನ ತೂತು ಮಾತ್ರ ಉಳಿದಿದ್ದವು, ತಗಡು ಇರಲಿಲ್ಲ.

ಬಿಚ್ಚುವುದು ಮತ್ತು ಕೂಡಿಸುವುದು

ಗೌಡರು ಮೊದಲು ಹೇಳಿದ್ದು ಬೇರೆ. ಕೆಂಪು ಬಣ್ಣ, ಅಗಲ ಟಾಯರು, ಹೊಳೆಯುವ ಬಂಪರು ಬೇಕು ಅಂದಿದ್ದರು. ಮಾಮಾ ಹೇಳಿದರು, “ಗೌಡ್ರ, ಹಂಗ ಮಾಡಿದ್ರ ಮದವಿ ಮೆರವಣಿಗಿ ಗಾಡಿ ಆಗ್ತೈತ್ರಿ. ಇದರ ಮರ್ಯಾದಿ ಇದರ ಹಳೇ ರೂಪದಾಗ ಐತ್ರಿ.” ಗೌಡರು ಎರಡು ದಿನ ವಿಚಾರ ಮಾಡಿ “ಹೂಂ” ಅಂದರು.

ಮೊದಲನೇ ತೊಂದರೆ ಪಾನಾದ್ದು. ಈಗಿನ ಗಾಡಿಯ ಬೋಲ್ಟು ಮಿಲಿಮೀಟರ್ ಲೆಕ್ಕದವು. ಇದರವು ಇಂಚಿನ ಲೆಕ್ಕದವು. ಒಂದು ಇಂಚಿಗೆ ಎಂಟು ಸೂತ. ಬೋಲ್ಟಿನ ತಲೆ ನಾಕು ಸೂತ ಅಗಲ ಇದ್ದರೆ ಅದು 12.7 ಮಿಲಿಮೀಟರ್. ಅದಕ್ಕೆ 13 ನಂಬರ್ ಪಾನಾ ಹಾಕಿದರೆ ಜಾರಿ ಬೋಲ್ಟಿನ ಮೂಲೆ ಸವೆದು ಹೋಗುತ್ತವೆ. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನು ಚೀಟಿ ಬರೆದು ಬೇರೆ ಬೇರೆ ಡಬ್ಬಿಯಲ್ಲಿ ಹಾಕುವುದು ನನ್ನ ಕೆಲಸ.

ಎರಡನೇದು ಎಂಜಿನ್. ಯಾರೋ ಅದರಲ್ಲಿ ಡೀಸೆಲ್ ಎಂಜಿನ್ ಕೂಡಿಸಿದ್ದರು. ಅಸಲಿಗೆ ಅದು 60 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ನಮ್ಮ ಪುಣ್ಯಕ್ಕೆ ಹಳೆಯದು ಗೌಡರ ದನದ ಕೊಟ್ಟಿಗೆಯಲ್ಲೇ ಗೋಣಿಚೀಲ ಹೊದ್ದು ಕುಂತಿತ್ತು. ಪಿಸ್ಟನ್ ಹಿಡಿದುಕೊಂಡಿದ್ದವು. ಮಾಮಾ ಪ್ಲಗ್ಗಿನ ತೂತಿನಲ್ಲಿ ಎಣ್ಣೆ ಹಾಕಿ ಎಂಟು ದಿನ ಬಿಟ್ಟರು. ಆಮೇಲೆ ಹ್ಯಾಂಡಲ್ ಹಚ್ಚಿ ಮೆಲ್ಲಗೆ ತಿರುಗಿಸಿದರು. ಜೋರು ಮಾಡಿದರೆ ಒಳಗೆ ಮುರಿಯುತ್ತದೆ.

ಮೂರನೇದು ಕರೆಂಟು. ಇದರ ಎಲ್ಲ ಸಾಮಾನು 6 ವೋಲ್ಟಿನವು. ಈಗಿನ 12 ವೋಲ್ಟ್ ಬ್ಯಾಟರಿ ಹಚ್ಚಿದರೆ ಬಲ್ಬು ಸುಟ್ಟು ಹೋಗುತ್ತವೆ.

ನನ್ನ ತಪ್ಪು

ಒಂದು ದಿನ ಮಾಮಾ ಸಾಮಾನು ತರಲು ಹೋಗಿದ್ದರು. ಬಾನೆಟ್ಟಿನ ಮೇಲೆ ನೀಲಿ ಬಣ್ಣ ಸಿಪ್ಪೆ ಎದ್ದಿತ್ತು. ಮಾಮಾ ಶಾಬಾಸ್ ಅನ್ನಲಿ ಅಂತ ನಾನು ತಂತಿ ಬ್ರಶ್ ತೊಗೊಂಡು ಎಡಗಡೆ ಬಾಜು ಉಜ್ಜಿದೆ. ನೀಲಿ ಹೋತು, ಹಳದಿ ಬಂತು. ಹಳದಿ ಹೋತು, ಹಸಿರು ಬಂತು. ಹಸಿರಿನ ಮೇಲೆ ಬೆಳ್ಳಗೆ ಏನೋ ಇತ್ತು. ಅದನ್ನೂ ಉಜ್ಜಿದೆ. ಕಬ್ಬಿಣ ಫಳಫಳ ಹೊಳೀತು. ನನಗೆ ಬಹಳ ಖುಷಿ ಆತು.

ಮಾಮಾ ಬಂದು ನೋಡಿದರು. ಬೈಯಲಿಲ್ಲ. ನೆಲದ ಮೇಲೆ ಬಿದ್ದ ಪುಡಿ ನೋಡುತ್ತ ನಿಂತರು. ಆಮೇಲೆ, “ತಮ್ಮಾ, ಬೆಳ್ಳಗ ಏನರ ಇತ್ತೇನು?” ಅಂತ ಕೇಳಿದರು. “ಇತ್ತ್ರೀ ಮಾಮಾ” ಅಂದೆ. ಅದು ಸೈನ್ಯದ ನಂಬರು. ಬಾನೆಟ್ಟಿನ ಬಾಜು ಬರೆಯುತ್ತಿದ್ದರಂತೆ. ಚಾಸಿಯ ತಗಡು ಇಲ್ಲದ ಆ ಗಾಡಿಗೆ ಅದೊಂದೇ ಹೆಸರು. ನಾನು ಅದನ್ನು ಉಜ್ಜಿ ಹಾಕಿದ್ದೆ. ಆ ದಿನ ನಾನು ಊಟ ಮಾಡಲಿಲ್ಲ.

ಮರುದಿನ ಮಾಮಾ ನನ್ನನ್ನೇ ಬಲಗಡೆ ಬಾಜು ಕೂಡ್ರಿಸಿದರು. ಈ ಸಲ ತಂತಿ ಬ್ರಶ್ ಇಲ್ಲ. ಬಹಳ ನುಣುಪಾದ ವಾಟರ್ ಪೇಪರ್, ನೀರು, ಮತ್ತು ಎರಡೇ ಬೆರಳು. ಒಂದು ಪದರ ಹೋದ ಕೂಡಲೇ ನಿಲ್ಲಿಸಿ ಒರೆಸಿ ನೋಡಬೇಕು. ಮೂರು ದಿನ ಹಿಡಿಯಿತು. ನಾಲ್ಕು ಅಂಕಿ ಬಂದವು. ಉಳಿದದ್ದನ್ನು ಜಂಗು ತಿಂದಿತ್ತು. ಗೌಡರು, “ಉಳಿದದ್ದು ಯಾವದರ ಅಂಕಿ ಬರೀರಿ, ಯಾರು ನೋಡತಾರ?” ಅಂದರು. ಮಾಮಾ, “ಗೊತ್ತಿಲ್ಲದ್ದು ಬರಿಯೂದು ಬ್ಯಾಡ್ರಿ, ಜಾಗಾ ಖಾಲಿ ಇರ್ಲಿ” ಅಂದರು. ನಾನು ಎಡಬಾಜು ಸುಮ್ಮನಿದ್ದಿದ್ದರೆ ಎಲ್ಲ ಅಂಕಿ ಸಿಗುತ್ತಿದ್ದವೋ ಏನೋ.

ಸಾಮಾನು ಸಜ್ಜು

ಎಡಬಾಜು ಹೊರಗೆ ಒಂದು ಸಲಿಕೆ, ಒಂದು ಕೊಡಲಿ ಬೆಲ್ಟಿನಿಂದ ಕಟ್ಟಬೇಕು. ಗಾಡಿ ಕೆಸರಿನಲ್ಲಿ ಸಿಕ್ಕರೆ ಅಗೆಯಲು, ದಾರಿಗೆ ಗಿಡ ಬಿದ್ದರೆ ಕಡಿಯಲು. ಹಿಂದೆ 20 ಲೀಟರಿನ ಎಣ್ಣೆ ಡಬ್ಬಿ. ಅದಕ್ಕೆ ಮೂರು ಹಿಡಿಕೆ ಯಾಕೆ? ಒಬ್ಬನೇ ಇದ್ದರೆ ನಡುವಿನದು ಹಿಡಿಯುತ್ತಾನೆ. ಇಬ್ಬರಿದ್ದರೆ ಆಕಡೆ ಈಕಡೆ ಹಿಡಿಯುತ್ತಾರೆ. ಈ ಡಬ್ಬಿ ಜರ್ಮನಿಯವರ ಯುಕ್ತಿ. ಅವರ ವಿರುದ್ಧ ಕಾದವರೇ ಅದನ್ನು ನೋಡಿ ಮಾಡಿಕೊಂಡರು! ಮುಂದಿನ ಗಾಜು ಬಾನೆಟ್ಟಿನ ಮೇಲೆ ಮಡಚಿ ಮಲಗುತ್ತದೆ. ಅದು ತಾಗದಂತೆ ಎರಡು ಕಟ್ಟಿಗೆ ತುಂಡು ಇರಬೇಕು. ಅವನ್ನು ನಮ್ಮೂರ ಬಡಿಗೇರ ಕಾಕಾ ಮಾಡಿ ಕೊಟ್ಟರು.

ಬಣ್ಣದ ಪೇಚಾಟ

ಅಸಲಿ ಬಣ್ಣ ಮಿಲಿಟರಿ ಹಸಿರು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮದಂತೆ ಸೈನ್ಯದ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆ ಆಲಿವ್ ಹಸಿರು ಹಚ್ಚುವಂತಿಲ್ಲ. 2021ರಲ್ಲಿ ಇನ್ನೊಂದು ನಿಯಮ ಬಂದಿದೆ. 50 ವರ್ಷ ದಾಟಿದ, ಮೊದಲಿನ ರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರದ ಬೇರೆ ನಂಬರು ಸಿಗುತ್ತದೆ. ಆದರೆ ಪ್ರದರ್ಶನ, ರ್‍ಯಾಲಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಆದ್ದರಿಂದ ಮಾಮಾ ಸದ್ಯಕ್ಕೆ ಬೂದು ಪ್ರೈಮರ್ ಹೊಡೆದು, ಆರ್‌ಟಿಓ ಕಚೇರಿಯಲ್ಲಿ ಕೇಳಿದ ಮೇಲೆಯೇ ಬಣ್ಣ ಅಂದಿದ್ದಾರೆ. ಬಲಬಾಜಿನ ನಾಲ್ಕು ಅಂಕಿ ಇರುವ ಜಾಗಕ್ಕೆ ಮಾತ್ರ ಪ್ರೈಮರ್ ಹೊಡೆದಿಲ್ಲ. ಅಲ್ಲಿ ನೀಲಿ, ಹಳದಿ, ಹಸಿರು ಪದರ ಈಗಲೂ ಕಾಣುತ್ತವೆ.

ಎಂಜಿನ್ ಚಾಲೂ ಆಗಿದೆ. ಬ್ರೇಕಿನ ಕೆಲಸ ಇನ್ನೂ ಇದೆ.

ಗೆಳೆಯರೇ, ನಿಮ್ಮ ಮನೆಯ ಹಿತ್ತಲದಾಗ ಹಳೆಯ ಗಾಡಿ, ಗಡಿಯಾರ, ತಾಮ್ರದ ಹಂಡೆ ಏನೇ ಇರಲಿ, ತಿಕ್ಕುವ ಮೊದಲು ಅದರ ಮೇಲೆ ಏನು ಬರೆದಿದೆ ನೋಡಿರಿ. ಕಾಣಿಸಿದ್ದನ್ನು ವಹಿಯಲ್ಲಿ ಬರೆದುಕೊಳ್ಳಿರಿ. ಆಮೇಲೆ ಬೇಕಾದರೆ ತಿಕ್ಕಿರಿ.

— 7ನೇ ತರಗತಿಯ ವಿದ್ಯಾರ್ಥಿ, ಹುನ್ನೂರ