‘ಯಾರು ಮಾಸ್ಟ್ರೇ, ಬಿದ್ದದ್ದು?’

ಕಾರ್ಕಳದ ಹೊರವಲಯದ ಹಳೇ ಕಲ್ಲುಕೋರೆಯ ಬದಿಗೆ ಟಾರ್ಪಾಲು ಹಾಸಿ ಸಿಲಿಂಡರುಗಳನ್ನು ಇಳಿಸುತ್ತಿದ್ದೆವು. ರಿಕ್ಷಾವೊಂದು ಬಂದು ನಿಂತಿತು. ಓಡಿಸುತ್ತಿದ್ದವನು ನನ್ನ ಹಳೇ ವಿದ್ಯಾರ್ಥಿ. ಕಪ್ಪು ರಬ್ಬರ್ ಅಂಗಿ ತೊಟ್ಟು ನಿಂತ ತನ್ನ ವಿಜ್ಞಾನದ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದ: ‘ಯಾರು ಮಾಸ್ಟ್ರೇ, ಬಿದ್ದದ್ದು?’

ಯಾರೂ ಬಿದ್ದಿಲ್ಲ ಮಾರಾಯ, ನಾವೇ ಇಳಿಯುವವರು ಎಂದೆ. ನಂಬಲಿಲ್ಲ. ಹತ್ತು ನಿಮಿಷದಲ್ಲಿ ಎರಡು ಬೈಕು, ಡೈರಿಗೆ ಹಾಲು ಕೊಟ್ಟು ಮರಳುತ್ತಿದ್ದ ಒಬ್ಬರು ಅಮ್ಮ, ಒಂದಷ್ಟು ಮಕ್ಕಳು ಸೇರಿದರು. ನಮ್ಮ ಕಡೆ ಕೋರೆಗೆ ಮುಳುಗುವವರು ಬಂದರೆಂದರೆ ಒಂದೇ ಅರ್ಥ. ಮುಳುಗುವವರು ಎಂದರೆ ಜನರಿಗೆ ಗೊತ್ತಿರುವ ಹೆಸರೂ ಒಂದೇ, ಈಶ್ವರ ಮಲ್ಪೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಇಳಿದವರು ಅವರೇ ಅಲ್ಲವೇ? ‘ಅವರು ಬರಲಿಲ್ಲವಾ?’ ಎಂದು ಆ ಅಮ್ಮ ಕೇಳಿಯೂ ಕೇಳಿದರು. ಶನಿವಾರ ಬೆಳಿಗ್ಗೆ, ಯಾರೂ ಸಾಯದೆ, ಒಂಬತ್ತು ಜನ ಊಟದ ಡಬ್ಬಿ ಕಟ್ಟಿಕೊಂಡು ಮೋಜಿಗೆ ಕೋರೆಗೆ ಇಳಿಯುತ್ತಾರೆ ಎಂದರೆ ತಲೆ ಸರಿಯಿಲ್ಲ ಎಂದೇ ಲೆಕ್ಕ.

ನಮ್ಮದು ಹೆಸರಿಲ್ಲದ ಗುಂಪು. ಮಣಿಪಾಲದಲ್ಲಿ ಪಾಠ ಮಾಡುವವರು ಇಬ್ಬರು, ಅಲ್ಲಿಯೇ ಓದುವ ಹುಡುಗ-ಹುಡುಗಿಯರು ಮೂವರು, ಉಡುಪಿಯ ಒಬ್ಬ ಬ್ಯಾಂಕಿನವರು, ಮಲ್ಪೆಯ ಒಬ್ಬ ಮೊಗವೀರ ತರುಣ, ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುವ ಒಬ್ಬ ಸಾಫ್ಟ್‌ವೇರ್, ಮತ್ತೆ ನಿವೃತ್ತ ಮೇಷ್ಟ್ರು ನಾನು. ಪ್ರತಿ ಅಕ್ಟೋಬರಿನ ಕೊನೆಗೆ ನಮ್ಮ ಸೀಸನ್ ಶುರು. ಸರಕಾರದ ಲೆಕ್ಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಆಗಸ್ಟ್‌ನಲ್ಲಿ ಬೋಟುಗಳು ಹೊರಡುತ್ತವೆ. ಮುಳುಗುವವರಿಗೆ ಮಾತ್ರ ಆಗಲೂ ಕಡಲು ತೆರೆಯುವುದಿಲ್ಲ. ಮಳೆಗಾಲವಿಡೀ ಸ್ವರ್ಣಾ, ಸೀತಾ, ಪಾಪನಾಶಿನಿ ನದಿಗಳು ತಂದು ಸುರಿದ ಕೆಂಪು ಮಣ್ಣು ತಳಕ್ಕೆ ಇಳಿಯಬೇಕು, ಅಲೆ ತಣಿಯಬೇಕು. ಅಲ್ಲಿಯವರೆಗೆ ನೀರಿನಡಿ ಕೈ ಚಾಚಿದರೆ ಸ್ವಂತ ಬೆರಳು ಕಾಣದು.

ಕೋರೆಗೆ ಇಳಿಯುವ ಹುಚ್ಚು ನನಗೆ ಹತ್ತಿದ್ದು ಇಂಗ್ಲೆಂಡಿನಲ್ಲಿ. ಮಗ ಲೆಸ್ಟರಿನಲ್ಲಿದ್ದಾನೆ. ಆ ಊರಿನ ಹತ್ತಿರ ಸ್ಟೋನಿ ಕೋವ್ ಎಂಬ ಗ್ರಾನೈಟ್ ಕೋರೆಯಿದೆ. 1958ರಲ್ಲಿ ಕಲ್ಲು ಒಡೆಯುವುದು ನಿಂತಿತು, ಒರತೆಯ ನೀರು ತುಂಬಿತು. ನಮ್ಮಲ್ಲಾದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ಶುರುವಾಯಿತು. ಕಲ್ಲು ತೆಗೆದ ಮೆಟ್ಟಿಲುಗಳೇ ಕಲಿಯುವವರಿಗೆ ತರಗತಿಗಳಾದವು: ಒಂದು ಮೆಟ್ಟಿಲು ಆರೇಳು ಮೀಟರಿನಲ್ಲಿ, ಇನ್ನೊಂದು ಇಪ್ಪತ್ತರ ಆಸುಪಾಸಿನಲ್ಲಿ, ತಳ ಮೂವತ್ತೈದರ ಹತ್ತಿರ. ಉತ್ತರ ಸಮುದ್ರದ ಎಣ್ಣೆಬಾವಿಗಳಿಗೆ ಹೋಗುವ ಮುಳುಗುಗಾರರು ಒಂದು ಕಾಲಕ್ಕೆ ಇಲ್ಲಿಯೇ ತರಬೇತಿ ಪಡೆದರು. 2000ದಲ್ಲಿ ಸ್ಟೇನ್‌ಗಾರ್ಥ್ ಎಂಬ ಹಳೇ ಟಗ್ ಬೋಟನ್ನು ಬೇಕೆಂದೇ ಮುಳುಗಿಸಿದರು, ನೋಡುವವರಿಗೆ ಏನಾದರೂ ಇರಲಿ ಎಂದು. ದಡದಲ್ಲಿ ಪಬ್ಬೂ ಇದೆ. ಚಳಿ ಕಳೆದ ಕೂಡಲೇ ಆ ದೇಶದ ಕ್ಲಬ್ಬುಗಳು ಇಂಥ ಕೋರೆಗಳಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತವೆ. ಐವತ್ತು ದಾಟಿದ ಮೇಲೆ, ಹಲ್ಲು ಕಟಕಟ ಎನ್ನುವ ನೀರಿನಲ್ಲಿ, ನಾನು ಅಲ್ಲಿ ಕಲಿತೆ.

ಊರಿಗೆ ಬಂದು ಒಬ್ಬರು ಪರಿಚಯದ ಕೋರೆ ಧನಿಗಳನ್ನು ಕೇಳಿದೆ. ‘ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ’ ಎಂದರು. ಎರಡು ವರ್ಷ ಕಾಡಿದ ಮೇಲೆ ಒಪ್ಪಿದರು. ಪಂಚಾಯತಿಗೆ ತಿಳಿಸಿಯೇ ಇಳಿಯುತ್ತೇವೆ. ಇಬ್ಬರು ದಡದಲ್ಲೇ ಇರುತ್ತಾರೆ, ಫೋನಿಗೆ ಸಿಗ್ನಲ್ ಸಿಗುವ ಜಾಗ ಎಲ್ಲಿ ಎಂದು ಮೊದಲೇ ನೋಡಿಟ್ಟಿರುತ್ತೇವೆ.

ನೀರಿಗಿಳಿಯುವ ಮೊದಲು ಸಾಮಾನು ತಪಾಸಣೆ. ಸೀಸನ್ನಿನ ಮೊದಲ ಮುಳುಗು ಆಳವಿಲ್ಲದ ನಿಂತ ನೀರಿನಲ್ಲಿ ಆಗಬೇಕು ಎನ್ನುವುದು ಇದಕ್ಕೇ. ನಾಲ್ಕು ತಿಂಗಳ ಮಳೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ರಬ್ಬರ್ ಅಂಗಿ ಬಿಟ್ಟೀತೇ? ಮಾಸ್ಕಿನ ಪಟ್ಟಿ ಎಳೆದರೆ ತುಂಡು. ಬ್ಯಾಂಕಿನವರ ಉಸಿರುಕೊಳವೆಯ ಬಾಯಿಯೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು, ಅಚ್ಚುಕಟ್ಟಾಗಿ ಬಾಗಿಲು ಸಮೇತ. ನೋಡದೆ ಬಾಯಿಗಿಟ್ಟು ಹತ್ತು ಮೀಟರ್ ಇಳಿದಿದ್ದರೆ?

ಪತ್ರಿಕೆಯವರಲ್ಲಿ ನನ್ನದೊಂದು ತಕರಾರಿದೆ. ಅವರು ‘ಆಮ್ಲಜನಕದ ಸಿಲಿಂಡರ್’ ಎಂದು ಬರೆಯುವ ಆ ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ನಾವು ನೀವು ಉಸಿರಾಡುವ ಗಾಳಿ. ಬರಿ ಆಮ್ಲಜನಕವನ್ನು ಎಳೆದುಕೊಳ್ಳುತ್ತ ಆರು ಮೀಟರಿಗಿಂತ ಕೆಳಗೆ ಹೋದರೆ ಫಿಟ್ಸ್ ಬರುವ ಅಪಾಯವಿದೆ. 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಒಳಗೆ 2200 ಲೀಟರ್ ಇರುತ್ತದೆ. ನಿಮಿಷಕ್ಕೆ 20 ಲೀಟರಿನಂತೆ ದಡದಲ್ಲಿ ಕೂತು ಉಸಿರಾಡಿದರೆ 110 ನಿಮಿಷ. ನಮ್ಮ ಕೋರೆಯ ತಳದಲ್ಲಿ ಅರ್ಧ. ಅದರಲ್ಲೂ ಕಾಲು ಭಾಗ ಉಳಿಸಿಕೊಂಡೇ ಮೇಲೆ ಬರಬೇಕಾದ್ದರಿಂದ ಕೈಗೆ ಸಿಗುವುದು ನಲವತ್ತು ನಿಮಿಷ.

ತಳದಲ್ಲಿ ಅರ್ಧ ಏಕೆ? ನೆರೆದ ಮಕ್ಕಳಿಗೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೋರಿಸಿದೆ. ಬಿರಡೆ ತೆಗೆದು, ಬಾಯಿ ಕೆಳಗೆ ಮಾಡಿ ಮಲ್ಪೆಯ ಹುಡುಗ ಹಾಗೇ ಹಿಡಿದುಕೊಂಡು ಇಳಿದ. ತಳದಲ್ಲಿ ಬಿರಡೆ ಹಾಕಿಕೊಂಡು ಬಂದ. ಬಾಟಲಿಯಲ್ಲಿ ಅರ್ಧ ನೀರು! ನಮ್ಮ ಕೋರೆಯ ನೀರಿನ ಆಳ ಹಗ್ಗ ಬಿಟ್ಟು ಅಳೆದದ್ದು, 34 ಅಡಿ. ಸಿಹಿನೀರಿನಲ್ಲಿ 34 ಅಡಿ ಎಂದರೆ ಭೂಮಿಯ ಇಡೀ ವಾತಾವರಣದಷ್ಟೇ ಭಾರ ಇನ್ನೊಂದು ಸಲ ತಲೆಯ ಮೇಲೆ ಬಿದ್ದಂತೆ. ಒತ್ತಡ ಎರಡು ಪಟ್ಟು, ಗಾಳಿ ಅರ್ಧಕ್ಕೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬಾಯ್ಲನ ನಿಯಮ ಬರೆದವನು ನಾನು. ಅದು ಇಷ್ಟು ಸುಲಭವಾಗಿ ಯಾರ ತಲೆಗೂ ಹೋಗಿರಲಿಲ್ಲ.

ಈಗ ಇದನ್ನು ತಿರುಗಿಸಿ ನೋಡಿ. ತಳದಲ್ಲಿ ಶ್ವಾಸಕೋಶ ತುಂಬ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಆಗಲು ನೋಡುತ್ತದೆ, ಎದೆ ತಡೆಯುವುದಿಲ್ಲ. ಸ್ಕೂಬಾದ ಮೊದಲ ನಿಯಮ, ಉಸಿರು ಕಟ್ಟಬೇಡ. ಬಾವಿಗೆ ಹಾರಿ ಕೊಡಪಾನ ತೆಗೆಯುವ ಹುಡುಗರಿಗೆ ಈ ಭಯವಿಲ್ಲ. ಅವರು ಮೇಲಿನ ಗಾಳಿಯನ್ನೇ ಕೊಂಡೊಯ್ದು ಅದನ್ನೇ ವಾಪಸು ತರುತ್ತಾರೆ. ಇನ್ನೊಂದು, ಏರುವಾಗ ಅವಸರ ಕೂಡದು. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ಗೋಲಿ ಸೋಡಾ ಒಡೆದಂತೆ ಗುಳ್ಳೆ ಏಳಬಾರದು. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಜೋರಾಗಿ ಏರುವುದಿಲ್ಲ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುತ್ತೇವೆ.

ಇಳಿದೆವು. ಮೇಲಿನ ಹತ್ತಡಿ ಪಾಚಿಯ ಹಸಿರು, ಬಿಸಿಲಿಗೆ ಕಾದ ನೀರು. ಆಮೇಲೆ ಯಾರೋ ಗೆರೆ ಎಳೆದಂತೆ ತಣ್ಣಗೆ. ತಣ್ಣನೆಯ ನೀರು ಭಾರ, ಅದು ಕೆಳಗೇ ಕೂತಿರುತ್ತದೆ. ಕೋರೆಯಲ್ಲಿ ಕಲಕಲು ಹೊಳೆಯ ಹರಿವೂ ಇಲ್ಲ, ಅಲೆಯೂ ಇಲ್ಲ. ಮೈಬಿಸಿಯಲ್ಲಿ ಧುಮುಕಿದ ಹುಡುಗನಿಗೆ ಈ ಥಂಡಿಯೇ ಮೊದಲ ಏಟು. ಟಾರ್ಚ್ ಬಿಟ್ಟರೆ ಗೋಡೆಯಲ್ಲಿ ಸಾಲುಸಾಲು ಅರ್ಧ ಕೊಳವೆಗಳಂಥ ಗೆರೆ, ಮದ್ದು ತುಂಬಲು ಕೊರೆದ ತೂತುಗಳ ಗುರುತು. ತಳದಲ್ಲಿ ತುಕ್ಕು ಹಿಡಿದ ಹಾರೆ, ಕಂಪ್ರೆಸರಿನ ಪೈಪು, ಒಂದು ಚಪ್ಪಲಿ. ಮೂಲೆಯಲ್ಲಿ ಒಂದು ಮಣೆ, ಅದರ ಮೇಲೆ ಹುಲ್ಲಿನ ಕಟ್ಟು, ಅಂಟಿಕೊಂಡ ಒಂದಿಷ್ಟು ಮಣ್ಣು. ಚೌತಿಯ ಗಣಪತಿ. ದೇವರು ಕರಗಿ ಹೋಗಿದ್ದ, ಮಣೆ ಉಳಿದಿತ್ತು. ನಾವು ಮುಟ್ಟಲಿಲ್ಲ.

ಕೋರೆ ಎಷ್ಟು ಆಳ ಎಂದು ಮಕ್ಕಳು ಕೇಳಿದ್ದಕ್ಕೆ ಕಾರ್ಕಳದ್ದೇ ಅಳತೆ ಹೇಳಿದೆ. ನಮ್ಮ ಗೊಮ್ಮಟ 42 ಅಡಿ, 1432ರಿಂದ ಗುಡ್ಡದ ಮೇಲೆ ನಿಂತಿದ್ದಾನೆ. ಅವನನ್ನು ತಂದು ಇಲ್ಲಿ ನಿಲ್ಲಿಸಿದರೆ ಭುಜದವರೆಗೆ ನೀರು. ಮಕ್ಕಳು ಗಪ್‌ಚಿಪ್.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಎಂಟನೇ ತರಗತಿಯ ಹುಡುಗನೊಬ್ಬ ಇಂಥದೇ ಕೋರೆಯಲ್ಲಿ ಹೋದ. ಕ್ರಿಕೆಟ್ ಚೆಂಡು ತೆಗೆಯಲು ಇಳಿದಿದ್ದ. ಅವನಿಗೆ ಈಜು ಬರುತ್ತಿತ್ತು. ಕೆರೆಗೆ ಮೆಟ್ಟಿಲಿದೆ, ಹೊಳೆಗೆ ದಂಡೆಯಿದೆ, ಕೋರೆಗಿರುವುದು ಗೋಡೆ. ಅದು ನೇರ ನಿಂತಿದೆ, ಪಾಚಿ ಕಟ್ಟಿದೆ, ಹಿಡಿಯಲು ಒಂದು ಬೇರೂ ಇಲ್ಲ. ಈಜು ಬರುವವನೂ ಗೋಡೆ ತಡವಿ ತಡವಿ ಸೋಲುತ್ತಾನೆ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಕೋರೆ ಇಷ್ಟು ಆಳವಿರುವುದಿಲ್ಲ. ಆದರೆ ಕಲ್ಲನ್ನು ಇಟ್ಟಿಗೆಯಂತೆ ಕೊಯ್ದು ತೆಗೆದ ಅದರ ಗೋಡೆಯೂ ಅಷ್ಟೇ ನೇರ, ಮಳೆಗಾಲದ ಕೆಂಪು ನೀರಿನಲ್ಲಿ ಅಂಚು ಎಲ್ಲಿ ಮುಗಿಯಿತು ಎಂದು ಕಾಣುವುದೂ ಇಲ್ಲ.

ಹನ್ನೆರಡಕ್ಕೆ ಊಟ. ಮುಳುಗುವ ಮುಂಚೆ ಹೊಟ್ಟೆ ಬಿರಿಯುವಂತೆ ತಿನ್ನಬಾರದೆಂದು ಬೆಳಿಗ್ಗೆ ಎರಡೆರಡು ಬನ್ಸಿನಲ್ಲೇ ಎಲ್ಲರನ್ನೂ ಹಿಡಿದಿಟ್ಟಿದ್ದೆ. ಈಗ ಕೋರಿ ರೊಟ್ಟಿಯ ಮೇಲೆ ಯುದ್ಧ. ರಿಕ್ಷಾದ ಶಿಷ್ಯನೂ ಕೂತ. ಎರಡು ಗಂಟೆಗೆ ಪಶ್ಚಿಮ ಘಟ್ಟದ ಕಡೆ ಗುಡುಗಿತು. ಹಿಂಗಾರಿನ ಸಿಡಿಲಿಗೆ ಬಯಲಿನಲ್ಲಿ ಸಿಲಿಂಡರು ಹೊತ್ತು ನಿಲ್ಲುವಷ್ಟು ಧೈರ್ಯ ನಮಗಿಲ್ಲ, ಗಂಟುಮೂಟೆ ಕಟ್ಟಿದೆವು.

ಭಾನುವಾರ ಕಾಪು. 1901ರ ದೀಪಸ್ತಂಭ ಹಿಂದೆ ಬಿಟ್ಟು ದೋಣಿ ಬಂಡೆಗಳ ಕಡೆ ಹೋಯಿತು. ಬೆಂಗಳೂರಿನ ಸಾಫ್ಟ್‌ವೇರ್ ನೀರಿಗೆ ಹಾರಿದರು, ಮುಳುಗಲಿಲ್ಲ. ಕಾಲು ಬಡಿದರೂ ಇಲ್ಲ, ತೆಂಗಿನಕಾಯಿಯಂತೆ ತೇಲುತ್ತಿದ್ದರು. ಹಿಂದಿನ ದಿನ ಕೋರೆಯಲ್ಲಿ ಕಟ್ಟಿದ್ದಷ್ಟೇ ಸೀಸವನ್ನು ಸೊಂಟಕ್ಕೆ ಕಟ್ಟಿದ್ದರು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಸಾಮಾನು ಸೇರಿ ತೊಂಬತ್ತು ಕಿಲೋ ಇರುವ ಮನುಷ್ಯನಿಗೆ ಕಡಲಲ್ಲಿ ಎರಡು ಕಿಲೋ ಹೆಚ್ಚು ಬೇಕು. ದೋಣಿಯ ತಾಂಡೇಲರು ನಗು ತಡೆಯಲಾರದೆ ಮುಖ ತಿರುಗಿಸಿದರು. ಎಂಟು ಮೀಟರಿನಲ್ಲಿ ಎರಡಾಳು ದೂರ ಕಾಣುತ್ತಿತ್ತು, ಅಷ್ಟೇ. ಬಂಡೆಗೆ ಹತ್ತಿದ ನೀಲಿಕಲ್ಲು ಚಿಪ್ಪುಗಳು, ಸಂದಿನಿಂದ ಇಣುಕಿದ ಒಂದು ಹಾವುಮೀನು. ಸ್ಫಟಿಕದಂಥ ನೀರು ಬೇಕಿದ್ದರೆ ಡಿಸೆಂಬರಿನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಬೇಕು.

ಅದೇ ಸಂಜೆ ಬಸ್ಸು ಹತ್ತುತ್ತೇನೆ ಎಂದು ಹೊರಟ ಸಾಫ್ಟ್‌ವೇರನ್ನು ಬಿಡಲಿಲ್ಲ. ಮುಳುಗಿ ಬಂದವರು ಕೂಡಲೇ ವಿಮಾನ ಹತ್ತಬಾರದು ಎಂದು ಎಲ್ಲರೂ ಹೇಳುತ್ತಾರೆ. ಎರಡು ದಿನ ಮುಳುಗಿದ್ದರೆ 18 ಗಂಟೆ ಬಿಡಬೇಕು. ಘಾಟಿ ಹತ್ತುವುದೂ ಅದೇ ಜಾತಿಯದು ಎಂದು ಯಾರೂ ಹೇಳುವುದಿಲ್ಲ. ಆಗುಂಬೆ ಆರುನೂರು ಮೀಟರಿಗಿಂತ ಎತ್ತರ, ಬೆಂಗಳೂರು ಒಂಬೈನೂರು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಗೋಲಿ ಸೋಡಾದ ಲೆಕ್ಕ ಮತ್ತೆ ಶುರು. ಉಡುಪಿಯಲ್ಲಿ ಗಡ್‌ಬಡ್ ಐಸ್‌ಕ್ರೀಮು ತಿಂದು ಮಲಗಿ, ಮರುದಿನ ಮಧ್ಯಾಹ್ನದ ಮೇಲೆ ಹೋದರು.

ಕೋರೆ ಬಿಡುವ ಮೊದಲು ಒಂದು ಕೆಲಸ ಮಾಡಿದ್ದೆವು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ಬಿರಡೆ ಬಿಗಿದು, ಅದಕ್ಕೆ ಅರವತ್ತು ಅಡಿ ನೈಲಾನ್ ಹಗ್ಗ ಕಟ್ಟಿ, ಬದಿಯ ಗೇರುಮರಕ್ಕೆ ತೂಗುಹಾಕಿದೆವು. ಎಸೆದಾಗ ದೂರ ಹೋಗಲೆಂದು ಕ್ಯಾನಿನೊಳಗೆ ಒಂದು ಚೊಂಬು ನೀರು. ಇನ್ನೊಂದು ಹಗ್ಗಕ್ಕೆ ಗಂಟು ಹಾಕುತ್ತ ಗೋಡೆಯ ಮೇಲಿಂದ ನೀರಿನವರೆಗೆ ಇಳಿಬಿಟ್ಟೆವು. ಎಲ್ಲ ಸೇರಿ ಒಬ್ಬರ ಸಿನಿಮಾ ಟಿಕೆಟಿನ ಖರ್ಚೂ ಆಗಲಿಲ್ಲ. ಬಳಸಿ ಬಿಟ್ಟ ಕೋರೆಗೆ ಬೇಲಿ ಹಾಕಬೇಕೆಂಬ ನಿಯಮವಿದೆ. ಅದನ್ನು ಪಂಚಾಯತಿಯಲ್ಲಿ ಕೇಳಿ, ಬಿಡಬೇಡಿ. ಬೇಲಿ ಬರುವವರೆಗೆ ನಿಮ್ಮೂರ ಕೋರೆಯ ಬದಿಯ ಮರಕ್ಕೂ ಇಂಥದೊಂದು ಕ್ಯಾನು ಕಟ್ಟಿ. ಯಾರಾದರೂ ಬಿದ್ದರೆ ಹಾರಬೇಡಿ, ಅದನ್ನು ಎಸೆಯಿರಿ.