ಮಣ್ಣಿನ ಓದು ಸೋತವರ ಓದಲ್ಲ

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಎರಡೇ: ಒಂದೋ ಮೆಡಿಕಲ್, ಇಲ್ಲವೇ ಇಂಜಿನಿಯರಿಂಗ್. ಎರಡೂ ಸಿಗದಿದ್ದರೆ ‘ಅಗ್ರಿಯಾದರೂ ಸಿಗಲಿ’ ಎನ್ನುತ್ತೇವೆ. ಹಾಗೆ ಸೇರಿದ ಮಗಳು ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಪದವಿ ಮುಗಿಸಿ, ಇನ್ನು ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದರೆ ಹೆತ್ತವರಿಗೆ ಅಚ್ಚರಿ. ಮಣ್ಣಿನಲ್ಲಿ ಸಂಶೋಧನೆ ಮಾಡಲು ಏನಿದೆ? ಓದಿದ್ದು ಸಾಲದೇ? ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿದ್ದರೆ ಸ್ವಲ್ಪ ನಿಂತು ಯೋಚಿಸಿ.

ಮಣ್ಣಿನೊಳಗೆ ಏನಿದೆ?

ಕರಾವಳಿಯ ಜಂಬಿಟ್ಟಿಗೆ ಮಣ್ಣನ್ನೇ ನೋಡಿ. ಜಡಿಮಳೆ ಅದರೊಳಗಿನ ಸುಣ್ಣದ ಅಂಶವನ್ನು ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಅಂಥ ಮಣ್ಣಿಗೆ ರಂಜಕದ ಗೊಬ್ಬರ ಹಾಕಿದರೆ ಅದರ ಬಹುಪಾಲನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ಸಿಗುವುದು ಅಲ್ಪ. ರೈತ ಮತ್ತೊಂದು ಚೀಲ ಗೊಬ್ಬರ ತರುತ್ತಾನೆ, ಸಾಲ ಬೆಳೆಯುತ್ತದೆ. ಅಲ್ಲಿ ಮೊದಲು ಬೇಕಾದದ್ದು ಸುಣ್ಣ. ಎಷ್ಟು ಸುಣ್ಣ, ಯಾವಾಗ ಎಂಬುದನ್ನು ಊಹಿಸಿ ಹೇಳಲಾಗದು, ಪರೀಕ್ಷಿಸಿಯೇ ಹೇಳಬೇಕು. ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಸಮಸ್ಯೆಯೇ ಬೇರೆ. ಒಂದೆಡೆ ಸಿಕ್ಕ ಉತ್ತರ ಇನ್ನೊಂದೆಡೆ ಸಲ್ಲದು.

ಅಡಿಕೆ ಬೆಳೆಗಾರರಿಗೆ ಇನ್ನೊಂದು ಉದಾಹರಣೆ ಸಾಕು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತು ಮತ್ತು ಸುಣ್ಣದ ಆ ಮಿಶ್ರಣ ಇಂದಿಗೂ ಮಳೆಗಾಲದಲ್ಲಿ ತೋಟಗಳನ್ನು ಕಾಯುತ್ತಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರಲ್ಲಿ ಸಂಕರ ಮಾಡಲು ಎಷ್ಟು ತಾಳ್ಮೆ ಬೇಕಿತ್ತೆಂದು ಊಹಿಸಿ!

ಓದು ಹೇಗಿರುತ್ತದೆ?

ಎಂ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಕನಿಷ್ಠ ಮೂರು ವರ್ಷ. ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ತಳಿ ಅಭಿವೃದ್ಧಿ, ಸಸ್ಯರೋಗ ಶಾಸ್ತ್ರ ಹೀಗೆ ವಿಭಾಗಗಳು ಹಲವು. ಬೆಂಗಳೂರು (1964), ಧಾರವಾಡ (1986), ರಾಯಚೂರು ಮತ್ತು ಶಿವಮೊಗ್ಗದ ವಿಶ್ವವಿದ್ಯಾನಿಲಯಗಳಲ್ಲಿ ಅವಕಾಶವಿದೆ. ಹೊರರಾಜ್ಯಗಳ ಸಂಸ್ಥೆಗಳಿಗೆ ಐಸಿಎಆರ್‌ನ ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೂಲಕ ಹೋಗಬಹುದು. ಅದರಲ್ಲಿ ಉತ್ತಮ ರ‍್ಯಾಂಕ್ ಬಂದವರಿಗೆ ಫೆಲೋಶಿಪ್ ದೊರೆಯುತ್ತದೆ. ಬಡ ಮನೆಯ ಮಕ್ಕಳಿಗೆ ಇದು ದೊಡ್ಡ ಆಸರೆ.

ಇಲ್ಲಿ ಪುಸ್ತಕ ಅರ್ಧ, ಹೊಲ ಇನ್ನರ್ಧ. ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ವಿಂಗಡಿಸಿ, ಒಂದೇ ಉಪಚಾರವನ್ನು ಹಲವು ತಾಕುಗಳಲ್ಲಿ ಮಾಡಿ ಫಲಿತಾಂಶ ಹೋಲಿಸಬೇಕು. ಮಳೆ ಕೈಕೊಟ್ಟರೆ ಒಂದು ಹಂಗಾಮು ವ್ಯರ್ಥ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗವೊಂದು ಇಂದಿಗೂ ನಡೆಯುತ್ತಿದೆ. ಮಣ್ಣು ಅವಸರದಲ್ಲಿ ಉತ್ತರ ಕೊಡುವುದಿಲ್ಲ.

ಹೆತ್ತವರಲ್ಲಿ ಒಂದು ಮಾತು

ಮಗನು ಹೆಚ್ಚು ಓದುತ್ತೇನೆಂದರೆ ‘ಓದಲಿ’ ಎನ್ನುವ ನಾವು, ಮಗಳು ಹಾಗೆಂದಾಗ ‘ಸಾಕಲ್ಲವೇ’ ಎನ್ನುವುದೇಕೆ? ನಮ್ಮ ಹೊಲಗಳಲ್ಲಿ ನಾಟಿ ಮಾಡುವವರು, ಕಳೆ ಕೀಳುವವರು, ಬೀಜ ಜೋಪಾನ ಮಾಡುವವರು ಹೆಚ್ಚಾಗಿ ಹೆಂಗಸರೇ. ಆ ದುಡಿಮೆಯ ಬಗ್ಗೆ ಪ್ರಶ್ನೆ ಕೇಳುವ, ಉತ್ತರ ಹುಡುಕುವ ಹಕ್ಕು ಅವರ ಹೆಣ್ಣುಮಕ್ಕಳಿಗೆ ಬೇಡವೇ?

ಈ ಓದು ಎಲ್ಲರಿಗೂ ಒಗ್ಗದು. ನೌಕರಿಗೆ ಪೈಪೋಟಿ ಇದೆ, ಕಾಯಬೇಕಾಗುತ್ತದೆ. ಆದರೆ ಆಸಕ್ತಿಯಿಂದ ಹೊರಟವರನ್ನು ತಡೆಯಬೇಡಿ. ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಗಳೊಡನೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ನಿಮ್ಮ ಹಿತ್ತಲಿನ ಮಣ್ಣನ್ನೇ ಪರೀಕ್ಷೆಗೆ ಕೊಡಿ. ಅದರ ವರದಿಯನ್ನು ಅವಳು ನಿಮಗೆ ಓದಿ ವಿವರಿಸಲಿ. ಆ ಮೇಲೆ ನಿರ್ಧಾರ ಮಾಡಿ.