ಒಡೆಯುವ ಬಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬಂದವರಿಗೆಲ್ಲ ಅಲ್ಲಿಯ ಗರ್ಭಗುಡಿಯ ಕನ್ನಡಿಯ ಸಂಗತಿ ತಿಳಿದಿರುತ್ತದೆ. ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಏಳು ಹೆಡೆಯ ಸರ್ಪದೊಡನೆ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯ, ಅದೇ ಶಿಲೆಯಲ್ಲಿ ಪಶ್ಚಿಮಾಭಿಮುಖನಾಗಿ ನರಸಿಂಹ. ಮುಂದೆ ನಿಂತ ಭಕ್ತನಿಗೆ ನೇರವಾಗಿ ಕಾಣುವವನು ಮೊದಲನೆಯವನು ಮಾತ್ರ. ಎರಡನೆಯವನ ದರ್ಶನವೂ ಆಗಲೆಂದು ಹಿಂದುಗಡೆ ದೊಡ್ಡದೊಂದು ಕನ್ನಡಿಯನ್ನು ನಿಲ್ಲಿಸಿದ್ದಾರೆ. ಕಣ್ಣಿಗೆ ಬೀಳದ ಮಗ್ಗುಲನ್ನು ತೋರಿಸುವ ಈ ಕೆಲಸವನ್ನು ಗಾಜಲ್ಲದೆ ಬೇರೆ ಯಾವ ವಸ್ತು ಇಷ್ಟು ಸುಲಭವಾಗಿ ಮಾಡೀತು?

'ಗಾಜು' ಎಂಬ ನಮ್ಮ ಮಾತು ಸಂಸ್ಕೃತದ 'ಕಾಚ'ದ ತದ್ಭವವೆಂದು ವ್ಯಾಕರಣದ ತರಗತಿಯಲ್ಲಿ ಹೇಳುತ್ತೇವೆ. ತಮಿಳರು ಗಾಜಿಗೂ ಕನ್ನಡಿಗೂ 'ಕಣ್ಣಾಡಿ' ಎಂಬ ಒಂದೇ ಶಬ್ದದಿಂದ ಸುಧಾರಿಸಿಕೊಂಡರೆ, ನಾವು ಆಚೆಯದನ್ನು ತೋರಿಸುವುದನ್ನು ಗಾಜೆಂದೂ ನಮ್ಮನ್ನೇ ನಮಗೆ ತೋರಿಸುವುದನ್ನು ಕನ್ನಡಿಯೆಂದೂ ಬೇರ್ಪಡಿಸಿಕೊಂಡಿದ್ದೇವೆ. ಕನ್ನಡಿಯ ಮೇಲೆ ಗಾದೆಗಳಿಗೂ ನುಡಿಗಟ್ಟುಗಳಿಗೂ ಕೊರತೆಯಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತೇವೆ. ಕೈಗೆಟುಕದ ಐಶ್ವರ್ಯವನ್ನು ಕನ್ನಡಿಯೊಳಗಿನ ಗಂಟೆನ್ನುತ್ತೇವೆ. ಆದರೆ ಒಡೆಯುವ ಪ್ರಸಂಗ ಬಂದಾಗ ನಮ್ಮ ಗಾದೆ ಬಹಳ ನಿರ್ದಾಕ್ಷಿಣ್ಯವಾದುದು: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಯಿತು ಎಂದಮೇಲೆ ಮುಗಿಯಿತಷ್ಟೆ. ಹೇಗೆ ಒಡೆಯಿತೆಂದು ವಿಚಾರಿಸುವವರಿಲ್ಲ. ಒಡೆಯುವುದರಲ್ಲಿಯೂ ಬಗೆಗಳುಂಟು, ಆ ಬಗೆಯನ್ನು ಮುಂಚಿತವಾಗಿಯೇ ಆರಿಸಿಕೊಳ್ಳಬಹುದು ಎಂಬುದನ್ನು ನಾನು ಕಲಿತದ್ದು ಘಾಟಿಯ ಜಾತ್ರೆಯಲ್ಲಿ, ಕಾರಿನ ಬಾಗಿಲಿನ ಗಾಜಿನಿಂದ.

ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಸುಮಾರಿಗೆ, ಎಂದರೆ ಡಿಸೆಂಬರ್ ಅಥವಾ ಜನವರಿಯಲ್ಲಿ, ಘಾಟಿಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ದೂರದೂರದ ರೈತರು ರಾಸುಗಳನ್ನು ಹಿಡಿದು ಬರುತ್ತಾರೆ. ನೋಡಬೇಕಾದದ್ದು ಹಳ್ಳಿಕಾರ್ ಎತ್ತುಗಳನ್ನು. ಬೂದುಬಣ್ಣದ ಮೈ, ಕಿರಿದಾದ ಮುಖ, ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಮೊನಚಾಗುವ ನೀಳವಾದ ಕೊಂಬುಗಳು. ಅಂಥ ಜೋಡಿಯ ಮುಂದೆ ನಿಂತ ರೈತನ ಮುಖದಲ್ಲಿ ಮಗಳ ಮದುವೆಯಲ್ಲಿ ನಿಂತ ತಂದೆಯ ಕಳೆಯಿರುತ್ತದೆ. ಹೆಮ್ಮೆಯೂ ಹೌದು, ಅಗಲಿಕೆಯ ಸಂಕಟವೂ ಹೌದು.

ಈಚಿನ ಒಂದು ವರ್ಷ ಜಾತ್ರೆಯ ದಿನಗಳಲ್ಲಿ ನನ್ನ ತಾಯಿಯನ್ನು ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ನನ್ನ ತಮ್ಮನಿದ್ದ. ದರ್ಶನವಾಯಿತು, ನಾಗರಕಲ್ಲುಗಳಿಗೆ ಪ್ರದಕ್ಷಿಣೆಯಾಯಿತು. ಕಾರನ್ನು ನಿಲ್ಲಿಸಲು ತೋರಿಸಿದ್ದ ಬಯಲಿಗೆ ಹಿಂತಿರುಗಿ, ತಾಯಿಯನ್ನು ಹಿಂದಿನ ಆಸನದಲ್ಲಿ ಕೂರಿಸಿದೆವು. ಗಾಳಿಯಾಡಲೆಂದು ಅವರು ತಮ್ಮ ಮಗ್ಗುಲಿನ ಗಾಜನ್ನು ಅರ್ಧಕ್ಕೆ ಇಳಿಸಿಕೊಂಡರು. ಬಯಲಿನ ಅಂಚಿನಲ್ಲಿ ಮಧುಗಿರಿಯ ಕಡೆಯ ರೈತನೊಬ್ಬ ತನ್ನ ಜೋಡಿಯನ್ನು ನಡೆಸಿಕೊಂಡು ಹೋಗುತ್ತಿದ್ದ. ಎಲ್ಲಿಯೋ ಒಂದು ವಾಹನ ಕರ್ಕಶವಾಗಿ ಹಾರನ್ ಮಾಡಿತು. ಕೊಂಬು ಊದಿದವರಾರೋ ತಿಳಿಯದು, ಕೊಂಬು ಬೀಸಿದ್ದು ಮಾತ್ರ ಪಾಪದ ಎತ್ತು. ಬೆದರಿ ತಲೆಯನ್ನು ಕೊಡವಿತು. ಹಿತ್ತಾಳೆಯ ಕೊಂಬಣಸು ಗಾಜಿನ ಮೇಲಂಚಿಗೆ ತಗುಲಿತು. ಪಟಾಕಿ ಸಿಡಿದಂತೆ ಒಂದು ಸದ್ದು. ಮರುಕ್ಷಣದಲ್ಲಿ ಅಲ್ಲಿ ಗಾಜೇ ಇರಲಿಲ್ಲ.

ನಾನು ತಾಯಿಯ ಕಡೆಗೆ ಧಾವಿಸಿದೆ. ಆ ರೈತ ಎತ್ತಿನ ಮುಖದ ಕಡೆಗೆ. ಅವನು ಹೆಗಲ ಮೇಲಿನ ಟವೆಲಿನಿಂದ ಅದರ ಕಣ್ಣುರೆಪ್ಪೆಗಳನ್ನು ಒರೆಸಿ, ಬೆರಳುಗಳಿಂದ ಮೆಲ್ಲನೆ ಅಗಲಿಸಿ ನೋಡುತ್ತಿದ್ದ. ನಾನು ತಾಯಿಯ ಕೊರಳನ್ನೂ ಕೈಗಳನ್ನೂ ನೋಡುತ್ತಿದ್ದೆ. ಅವರ ಸೆರಗಿನ ತುಂಬ, ಮಡಿಲಿನ ತುಂಬ ಕಲ್ಲುಸಕ್ಕರೆಯ ಹರಳಿನಂತೆ ಗಾಜಿನ ಚೂರುಗಳು ಸುರಿದಿದ್ದವು. ಒಂದು ಹನಿ ರಕ್ತವಿಲ್ಲ. ಎತ್ತಿಗೂ ಇಲ್ಲ, ತಾಯಿಗೂ ಇಲ್ಲ.

ಜನ ಸೇರಿದರು. ಸೇರಿದ ಜನಕ್ಕೆ ನ್ಯಾಯ ತೀರ್ಮಾನಿಸುವ ಉತ್ಸಾಹ ಸಹಜವಾದುದೇ. ದುಡ್ಡು ಕಟ್ಟಿಸಿಕೊಳ್ಳಿ ಎಂದವರು ಕೆಲವರು. ಕಟ್ಟುವ ತನಕ ಒಂದು ಎತ್ತನ್ನು ಹಿಡಿದಿಟ್ಟುಕೊಳ್ಳಿ ಎಂದವರು ಇನ್ನು ಕೆಲವರು. ತಮ್ಮನೂ ಅದನ್ನೇ ಒಪ್ಪಿದ. ರೈತ ಕೈಮುಗಿದು, "ಜೋಡಿ ಇನ್ನೂ ಮಾರಾಟವಾಗಿಲ್ಲ ಸ್ವಾಮಿ, ಆದಮೇಲೆ ಕೊಟ್ಟೇ ಹೋಗ್ತೀನಿ," ಎಂದ. ಕೊಳ್ಳುವವರ ಎದುರಿನಲ್ಲಿ 'ಕಾರಿನ ಗಾಜು ಒಡೆದ ಎತ್ತು' ಎಂಬ ಹೆಸರು ಬಿದ್ದರೆ ಅದರ ಬೆಲೆ ಏನಾದೀತೆಂಬ ಅಳುಕು ಅವನ ದನಿಯಲ್ಲಿ ಕೇಳುತ್ತಿತ್ತು. ಅಷ್ಟರಲ್ಲಿ ನನ್ನ ತಾಯಿ ಸೆರಗಿನ ಚೂರುಗಳನ್ನು ಒಂದು ಕಾಗದದ ಮೇಲೆ ಕೊಡವಿಕೊಳ್ಳುತ್ತ ಕೇಳಿದರು: "ಎತ್ತಿನ ಕಣ್ಣಿಗೆ ಏನೂ ಆಗಿಲ್ಲ ತಾನೆ?" ಆ ಪ್ರಶ್ನೆಯಾದ ಮೇಲೆ ದುಡ್ಡಿನ ಮಾತನ್ನು ಎತ್ತುವುದು ಯಾರಿಂದಲೂ ಆಗಲಿಲ್ಲ. ಜಾತ್ರೆ ಎತ್ತುಗಳದು, ಅಲ್ಲಿ ಕಾರು ಅತಿಥಿ. ರೈತ ಜೋಡಿಯೊಡನೆ ಮುಂದಕ್ಕೆ ನಡೆದ.

ದೇವರು ಕಾಪಾಡಿದ ಎಂದರು ತಾಯಿ. ನಾನದನ್ನು ಅಲ್ಲಗಳೆಯಲಾರೆ, ಆದರೆ ಆ ರಕ್ಷಣೆಗೆ ಮನುಷ್ಯನ ಬುದ್ಧಿಯೂ ನಿಮಿತ್ತವಾದ ಬಗೆಯನ್ನು ಓದುಗರ ಮುಂದಿಡುವುದು ಉಚಿತವೆಂದು ತೋರುತ್ತದೆ. ಕಾರಿನ ಬಾಗಿಲಿನ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜು. ಮೊದಲು ಹಾಳೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ೬೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಿಸಿ, ಎರಡು ಕಡೆಯಿಂದಲೂ ಗಾಳಿಯನ್ನು ರಭಸವಾಗಿ ಊದಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗು ತಡವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ತನ್ನೆಡೆಗೆ ಸೆಳೆಯುತ್ತದೆ. ಹೀಗೆ ಹೊರಗೆ ಒತ್ತಡ, ಒಳಗೆ ಸೆಳೆತ, ಇವೆರಡೂ ಒಂದನ್ನೊಂದು ಹಿಡಿದಿಟ್ಟುಕೊಂಡು ಗಾಜಿಗೆ ಸಾಮಾನ್ಯ ಗಾಜಿನ ಹಲವು ಪಟ್ಟು ಬಲ ಬರುತ್ತದೆ. ಅಂಗೈಯ ಪೆಟ್ಟನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಅದರ ಮರ್ಮಸ್ಥಾನ ಅಂಚು. ಅಂಚಿನಲ್ಲಿ ಗಡಸಾದ ಮೊನೆಯೊಂದು ತಗುಲಿ ಬಿರುಕು ಒಳಗಿನ ಸೆಳೆತವನ್ನು ಮುಟ್ಟಿತೆಂದರೆ, ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಇಡೀ ಹಾಳೆ ಸಣ್ಣಸಣ್ಣ ಮೊಂಡು ಹರಳುಗಳಾಗಿ ಉದುರುತ್ತದೆ. ಗೀರುವುದಾದರೆ ಗೀರಬಹುದು, ಕತ್ತಿಯಂತೆ ಇರಿಯಲಾರದು.

ಈ ಗುಣ ಬಹಳ ಹಿಂದೆಯೇ ಕಣ್ಣಿಗೆ ಬಿದ್ದಿತ್ತು. ಹದಿನೇಳನೆಯ ಶತಮಾನದಲ್ಲಿ, ೧೬೬೦ರ ಸುಮಾರಿಗೆ, ಪ್ರಿನ್ಸ್ ರೂಪರ್ಟ್ ಎಂಬ ರಾಜಪುತ್ರ ಇಂಗ್ಲೆಂಡಿಗೆ ತಂದ ಗಾಜಿನ ಹನಿಗಳನ್ನು ಕಂಡು ಅಲ್ಲಿಯ ರಾಯಲ್ ಸೊಸೈಟಿಯ ಪಂಡಿತರು ಬೆರಗಾದರು. ಕರಗಿದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿದರೆ ಬಾಲವುಳ್ಳ ಹನಿಯಾಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಹೊಡೆದರೂ ತಡೆದುಕೊಂಡೀತು. ಬಾಲದ ತುದಿಯನ್ನು ಚಿವುಟಿದರೆ ಸಾಕು, ಹನಿಯೆಲ್ಲ ಪುಡಿ.

ಮುಂದಿನ ದೊಡ್ಡ ಗಾಜಿನ ನೀತಿ ಬೇರೆ. ೧೯೦೩ರಲ್ಲಿ ಫ್ರಾನ್ಸಿನ ರಸಾಯನಜ್ಞ ಎಡ್ವಾರ್ ಬೆನೆಡಿಕ್ಟಸನ ಪ್ರಯೋಗಶಾಲೆಯಲ್ಲಿ ಬುರುಡೆಯೊಂದು ಕೆಳಕ್ಕೆ ಬಿದ್ದು ಬಿರುಕುಬಿಟ್ಟರೂ ಚೂರುಗಳು ಚದುರಲಿಲ್ಲವಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅವನ್ನು ಹಿಡಿದುಕೊಂಡಿತ್ತು. ೧೯೦೯ರಲ್ಲಿ ಅವನು ಪದರಗಾಜಿಗೆ ಪೇಟೆಂಟ್ ಪಡೆದ. ಇಂದು ಕಾರಿನ ಮುಂಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯೊಂದಿದ್ದು, ಒಡೆದರೂ ಜೇಡರಬಲೆಯಂತೆ ಬಿರುಕುಬಿಟ್ಟು ನಿಂತಲ್ಲಿಯೇ ನಿಲ್ಲುತ್ತದೆ. ಮುಂಗಾಜು ಒಡೆದರೂ ಕೈಬಿಡಬಾರದು. ಬಾಗಿಲಿನ ಗಾಜು ಒಡೆದರೆ ಗಾಯಮಾಡಬಾರದು. ಒಂದೇ ಕಾರಿನಲ್ಲಿ ಎರಡು ಬಗೆಯ ಒಡೆಯುವಿಕೆಯನ್ನು ಯೋಚಿಸಿಯೇ ಕೂಡಿಸಿದ್ದಾರೆ.

ಇನ್ನು ಗಾಜನ್ನು ಹಾಕಿಸಿದ ಕಥೆ. ಘಾಟಿಯ ಬಯಲಿನಲ್ಲಿಯೇ ಬಾಗಿಲಿನ ಛಾಯಾಚಿತ್ರಗಳನ್ನು ತೆಗೆದುಕೊಂಡು, ಚೂರುಗಳನ್ನು ಗುಡಿಸಿ, ಬಾಗಿಲಿನ ಚೌಕಟ್ಟಿಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟುಪಟ್ಟಿಯಿಂದ ಬಿಗಿದೆವು. ಗಾಜು ಏರಿಸುವ ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಒಳಗೆ ಬಿದ್ದ ಹರಳುಗಳ ನಡುವೆ ಯಂತ್ರ ತಿರುಗಿದರೆ ಅದಕ್ಕೂ ಪೆಟ್ಟು. ಪಟಪಟನೆ ಬಡಿದುಕೊಳ್ಳುವ ಆ ಹಾಳೆಯ ಸದ್ದನ್ನು ಕೇಳುತ್ತಲೇ ಊರು ಸೇರಿದೆವು.

ಮರುದಿನ ಹೋದ ಮೊದಲನೆಯ ಅಂಗಡಿಯಲ್ಲಿ ಗಾಜಿನ ಕೆಲಸದವನೊಬ್ಬ ಉಪಾಯ ಹೇಳಿದ. ಆ ಮಾದರಿಯ ಗಾಜು ಬರುವುದಕ್ಕೆ ಎರಡು ದಿನ ಬೇಕು. ಅದರ ಬದಲು ಕಿಟಕಿಗೆ ಹಾಕುವ ಸಾಮಾನ್ಯ ಗಾಜನ್ನೇ ಅಳತೆಗೆ ಕತ್ತರಿಸಿ ಅಂಚು ಮಸೆದು ಕೂರಿಸಿಕೊಡುತ್ತೇನೆ, ಬೆಲೆ ಅರ್ಧಕ್ಕಿಂತ ಕಡಿಮೆ, ನೋಡಿದವರಿಗೆ ವ್ಯತ್ಯಾಸವೇ ತಿಳಿಯದು ಎಂದ. ನೋಡಿದವರಿಗೆ ತಿಳಿಯದೆಂಬುದು ನಿಜ. ನಿಂತಿರುವ ತನಕ ಎರಡು ಗಾಜುಗಳೂ ಒಂದೇ. ಆದರೆ ಸಾಮಾನ್ಯ ಗಾಜು ಒಡೆದರೆ ಉದ್ದುದ್ದನೆಯ ಅಲಗುಗಳಾಗುತ್ತದೆ. ಆ ಮಧ್ಯಾಹ್ನ ನನ್ನ ತಾಯಿಯ ಕೊರಳಿಗೂ ಎತ್ತಿನ ಕಣ್ಣಿಗೂ ಗೇಣುದೂರದಲ್ಲಿ ಇದ್ದದ್ದು ಅಂಥ ಗಾಜಾಗಿದ್ದಲ್ಲಿ, ಮಡಿಲಿನಲ್ಲಿ ಬಿದ್ದದ್ದು ಕಲ್ಲುಸಕ್ಕರೆಯಾಗುತ್ತಿರಲಿಲ್ಲ. ನಾನು ಅಲ್ಲಿಂದ ಎದ್ದುಬಂದೆ.

ಅಳತೆಗೆ ಕತ್ತರಿಸಿಕೊಡುತ್ತೇನೆ ಎಂಬ ಮಾತೇ ಒಂದು ಸುಳಿವೆಂಬುದನ್ನು ಓದುಗರು ಗಮನಿಸಬೇಕು. ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಹೋದರೆ ಪುಡಿಯಾಗುತ್ತದೆ. ಅದರ ಆಕಾರವೂ ರಂಧ್ರಗಳೂ ಕಾಯಿಸುವುದಕ್ಕೆ ಮೊದಲೇ ಸಿದ್ಧವಾಗಿರತಕ್ಕದ್ದು. ಆದ್ದರಿಂದಲೇ ಕಾರಿನ ಮಾದರಿಗೆ ತಕ್ಕ ಗಾಜು ಬರುವ ತನಕ ಕಾಯಬೇಕಾಗುತ್ತದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಗಾಜುಗಳು ಸುರಕ್ಷತಾ ಗಾಜೇ ಆಗಿರಬೇಕೆಂದು ವಿಧಿಸುತ್ತವೆ; ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ನೂರಕ್ಕೆ ೭೦ರಷ್ಟಾದರೂ, ಪಕ್ಕದ ಗಾಜಿನಲ್ಲಿ ೫೦ರಷ್ಟಾದರೂ ಬೆಳಕು ಹಾಯಬೇಕೆಂದೂ ಹೇಳುತ್ತವೆ.

ಎರಡು ದಿನದ ಮೇಲೆ ಬೇರೊಬ್ಬ ಮೇಸ್ತ್ರಿ ಕೆಲಸ ಮಾಡಿದ. ನೋಡುವಂತಿತ್ತು ಅವನ ತಾಳ್ಮೆ. ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿ, ಅದರ ಹಿಂದಿನ ತೇವ ತಡೆಯುವ ಪ್ಲಾಸ್ಟಿಕ್ ಪರದೆಯನ್ನು ಹರಿಯದಂತೆ ಸುಲಿದು, ಬಾಗಿಲಿನ ಹೊಟ್ಟೆಯಲ್ಲಿದ್ದ ಹರಳುಗಳನ್ನು ಕಸ ಹೀರುವ ಯಂತ್ರದಿಂದ ತೆಗೆದ. ಬಾಗಿಲಿನ ತಳದಲ್ಲಿ ಮಳೆಯ ನೀರು ಇಳಿದುಹೋಗಲು ಸಣ್ಣ ತೂತುಗಳಿವೆ. ಚೂರು ಕಟ್ಟಿಕೊಂಡರೆ ನೀರು ನಿಂತು ತಗಡು ತುಕ್ಕುಹಿಡಿಯುತ್ತದೆ ಎಂದು ವಿವರಿಸಿ, ಒಂದೊಂದನ್ನೂ ಕಡ್ಡಿಯಿಂದ ಚುಚ್ಚಿನೋಡಿದ. ಆಮೇಲೆ ಗಾಜನ್ನು ಓರೆಯಾಗಿ ಇಳಿಸಿ, ರಬ್ಬರಿನ ಗಾಡಿಯಲ್ಲಿ ಕೂರಿಸಿ, ಏರಿಸುವ ಯಂತ್ರದ ಹಿಡಿಕೆಗೆ ಬಿಗಿದು, ಹೊದಿಕೆಯನ್ನು ಮುಚ್ಚುವ ಮುನ್ನವೇ ನಾಲ್ಕಾರು ಸಲ ಏರಿಸಿ ಇಳಿಸಿದ. ಹಳೆಯ ಹಸ್ತಪ್ರತಿಯ ಗರಿಗಳನ್ನು ಬಿಡಿಸುವವನಲ್ಲಿ ಇರಬೇಕಾದ ಕೈ ಅದು.

ವಿಮೆಯ ವಿಚಾರವನ್ನೂ ಹೇಳಬೇಕು. ಅಧ್ಯಾಪಕನ ಸಂಬಳಕ್ಕೆ ಅದು ಸಣ್ಣ ಮಾತಲ್ಲ. ಸ್ವಂತ ಹಾನಿಯ ವಿಮೆಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ನೂರಕ್ಕೆ ೫೦ರಂತೆ ಸವಕಳಿ ಕಳೆಯುವುದುಂಟು, ಗಾಜಿಗೆ ಸವಕಳಿಯಿಲ್ಲ. ಆದರೆ ೧೫೦೦ ಸಿ.ಸಿ.ವರೆಗಿನ ಕಾರಿಗೆ ಮೊದಲ ೧೦೦೦ ರೂಪಾಯಿ, ಅದಕ್ಕೂ ದೊಡ್ಡ ಕಾರಿಗೆ ೨೦೦೦ ರೂಪಾಯಿ ಮಾಲೀಕನೇ ಭರಿಸಬೇಕು. ಇದಲ್ಲದೆ ಪರಿಹಾರ ಕೇಳದ ವರ್ಷಗಳಿಗಾಗಿ ದೊರೆಯುವ, ನೂರಕ್ಕೆ ೨೦ರಿಂದ ಆರಂಭವಾಗಿ ೫೦ರವರೆಗೆ ಏರುವ ರಿಯಾಯಿತಿ, ಪ್ರತ್ಯೇಕ ರಕ್ಷಣೆಯನ್ನು ಕೊಂಡಿರದಿದ್ದರೆ, ಒಂದು ಗಾಜಿನ ಪರಿಹಾರದಿಂದಲೇ ಇಲ್ಲವಾಗಬಹುದು. ಕೂಡಿಸಿ ಕಳೆದು ನೋಡಿ, ನಾನು ಕೈಯಿಂದಲೇ ಕೊಟ್ಟೆ. ದುಬಾರಿಯ ಮುಂಗಾಜಾದರೆ ಲೆಕ್ಕ ಬೇರೆಯಾದೀತು. ಪರಿಹಾರ ಕೇಳುವವರು ದುರಸ್ತಿಗೆ ಮೊದಲೇ ವಿಮೆಯವರಿಗೆ ತಿಳಿಸಬೇಕು, ಅಷ್ಟೆ.

ಎಂದೂ ಒಡೆಯದ ಗಾಜನ್ನು ಕೊಡುತ್ತೇನೆಂದು ಯಾವ ಪ್ರಾಮಾಣಿಕ ವ್ಯಾಪಾರಿಯೂ ಹೇಳಲಾರ. ಅಂಗಡಿಯಲ್ಲಿ ನಾವು ಬೆಲೆಯನ್ನು ಕೇಳುತ್ತೇವೆ, ಬಾಳಿಕೆಯನ್ನು ಕೇಳುತ್ತೇವೆ. ಒಡೆದಾಗ ಏನಾಗುತ್ತದೆಂದು ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ. ಕೇಳಲು ಸಂಕೋಚವಾದರೆ ಇನ್ನೊಂದು ದಾರಿಯುಂಟು. ಕಾರಿನ ಪ್ರತಿಯೊಂದು ಗಾಜಿನ ಮೂಲೆಯಲ್ಲಿಯೂ ಸಣ್ಣ ಅಕ್ಷರಗಳ ಒಂದು ಮುದ್ರೆಯಿರುತ್ತದೆ: ತಯಾರಕರ ಹೆಸರು, ಗಾಜಿನ ಜಾತಿ, ಭಾರತೀಯ ಮಾನಕದ ಗುರುತು, ಅದರೊಡನೆ ಐ.ಎಸ್. ೨೫೫೩ ಎಂಬ ಸಂಖ್ಯೆ. ಬಾಡಿಗೆಯ ಕಾರಾಗಲಿ, ನೆಂಟರ ಕಾರಾಗಲಿ, ಮಗುವನ್ನೋ ಮುದುಕರನ್ನೋ ಕಿಟಕಿಯ ಮಗ್ಗುಲಿಗೆ ಕೂರಿಸುವ ಮುನ್ನ ಒಂದು ನಿಮಿಷ ಬಾಗಿ ಅದನ್ನು ಓದಿನೋಡಿ. ನಮ್ಮದು ಹೇಗೂ ಓದುವ ಕಸುಬು; ಆ ಒಂದು ಸಾಲನ್ನು ಬಿಡಬೇಕಾದ ಕಾರಣವಿಲ್ಲ.